ಮಾತ್ರೆ ತಗೊಂಡರೆ ನಂಬಿಕೆ ಇಲ್ಲ ಅಂತಾಗುತ್ತಾ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನವಳು, ವಯಸ್ಸು 43. ಎರಡು ಸಲ ಟೊಮೆಟೊ ಹಾಕಿ ಎರಡು ಸಲವೂ ಕೈ ಸುಟ್ಟುಕೊಂಡೆವು. ಫೈನಾನ್ಸ್‌ನ ವಾರದ ಕಂತು ಇದೆ, ಸಂಘದ ಸಾಲ ಬೇರೆ. ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕೆಲವು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಆಮೇಲೆ ನಿದ್ದೆಯೇ ಇಲ್ಲ. ಇಸಿಜಿ ನಾರ್ಮಲ್ ಬಂತು. ಡಾಕ್ಟರು ಇದು ಆತಂಕದ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ನಮ್ಮ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು, ‘ಚಿಂತೆ ಮಾಡಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಚಿಂತೆ ಮಾಡೋದು ಪಾಪ. ಮಾತ್ರೆ ತಗೊಂಡರೆ ನಂಬಿಕೆ ಇಲ್ಲ ಅಂತಾಗುತ್ತೆ. ಉಪವಾಸ ಇದ್ದು ಪ್ರಾರ್ಥನೆ ಮಾಡು’ ಅಂದರು. ಮಾತ್ರೆ ಇನ್ನೂ ಬೀರುವಿನಲ್ಲೇ ಇದೆ. ಮಗಳಿಗೂ ಹೇಳಿಲ್ಲ. ನನ್ನ ನಂಬಿಕೆ ಎಲ್ಲಿ ತಪ್ಪಿತು, ಹೇಳಿ.

ಉತ್ತರ: ಸಹೋದರಿ, ಮಾತ್ರೆಯನ್ನು ಬೀರುವಿನಿಂದ ತೆಗೆಯಿರಿ. ಡಾಕ್ಟರು ಹೇಳಿದ ಹಾಗೆ ತಗೊಳ್ಳಿ. ನಾನು ಸಭಾಪಾಲಕ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಕೆಲಸವನ್ನೂ ಮಾಡುತ್ತೇನೆ. ಈ ಎರಡೂ ಜಾಗದಲ್ಲಿ ನಿಂತು ಹೇಳುತ್ತಿದ್ದೇನೆ: ನಿಮ್ಮ ನಂಬಿಕೆ ಎಲ್ಲೂ ತಪ್ಪಿಲ್ಲ. ಮೂರು ಗಂಟೆಗೆ ಎದ್ದು, ಎದೆ ಹೊಡೆದುಕೊಳ್ಳುವಾಗಲೂ ದೇವರನ್ನು ಕರೆಯುತ್ತಿದ್ದೀರಲ್ಲ, ನಂಬಿಕೆ ಇಲ್ಲದವರು ಹಾಗೆ ಕರೆಯುವುದಿಲ್ಲ.

ಮೊದಲು ದೇಹದ ವಿಷಯ. ಅಪಾಯ ಬಂದಾಗ ಓಡಲಿಕ್ಕೋ ಹೋರಾಡಲಿಕ್ಕೋ ನಮ್ಮನ್ನು ಸಜ್ಜು ಮಾಡುವ ಒಂದು ಏರ್ಪಾಡು ಎಲ್ಲರ ದೇಹದಲ್ಲೂ ಇದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಕೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ. ತಿಂಗಳುಗಟ್ಟಲೆ ಸಾಲ, ಬೆಳೆ, ಫೀಸು ಅಂತ ಮನಸ್ಸು ಕಾವಲು ಕೂತರೆ ಈ ಏರ್ಪಾಡು ಹೊಸ್ತಿಲ ನಾಯಿಯ ಹಾಗಾಗುತ್ತದೆ. ಕಳ್ಳ ಬಂದರೂ ಬೊಗಳುತ್ತದೆ, ಒಣ ಎಲೆ ಉದುರಿದರೂ ಬೊಗಳುತ್ತದೆ. ಬೆಳಗಿನ ಜಾವದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ತಾನಾಗಿಯೇ ಏರಲು ಶುರುವಾಗುತ್ತದೆ, ನಿದ್ದೆಯೂ ಆ ಹೊತ್ತಿಗೆ ತೆಳುವಾಗಿರುತ್ತದೆ. ಚಿಂತೆ ಇರುವವರಿಗೆ ಎಚ್ಚರವಾಗುವುದು ಜಾಸ್ತಿ ಆ ಹೊತ್ತಿನಲ್ಲೇ. ಸೈತಾನ ಮೂರು ಗಂಟೆಗೇ ಬರುತ್ತಾನೆ ಅಂತ ಯಾರಾದರೂ ಹೆದರಿಸಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಇಸಿಜಿ ಮಾಡಿಸಿದ್ದು ಒಳ್ಳೆಯದಾಯಿತು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಥೈರಾಯ್ಡ್ ಜಾಸ್ತಿ ಆದರೂ, ರಕ್ತ ಕಡಿಮೆ ಆದರೂ ಇದೇ ರೀತಿ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವ ಕಾಲವೂ ಶುರುವಾಗುತ್ತದೆ, ಆಗ ರಾತ್ರಿ ಬೆವರು, ನಿದ್ದೆಗೇಡು ಸಾಮಾನ್ಯ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಈಗ ಆ ಅಕ್ಕ ಹೇಳಿದ ವಚನಕ್ಕೆ ಬರೋಣ. ಅವರು ಸುಳ್ಳು ಹೇಳಿಲ್ಲ. ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಊಟದ ಬಗ್ಗೆ, ಬಟ್ಟೆಯ ಬಗ್ಗೆ, ನಾಳೆಯ ಬಗ್ಗೆ ಚಿಂತೆ ಮಾಡಬೇಡಿ ಎಂದಿದ್ದಾರೆ. 30ನೇ ವಚನದಲ್ಲಿ ‘ಅಲ್ಪವಿಶ್ವಾಸಿಗಳೇ’ ಎಂದೂ ಕರೆದಿದ್ದಾರೆ. ನಿಮಗೆ ಚುಚ್ಚಿದ್ದು ಆ ಮಾತೇ ಇರಬೇಕು. ಹಾಗಾದರೆ ಅದೇ ಮಾತನ್ನು ಅವರು ಬೇರೆ ಎಲ್ಲಿ ಹೇಳಿದರು, ಯಾವಾಗ ಹೇಳಿದರು ಅಂತ ನೋಡಿ. 14ನೇ ಅಧ್ಯಾಯದಲ್ಲಿ ಪೇತ್ರ ನೀರಿನ ಮೇಲೆ ನಡೆಯುತ್ತಾ ಗಾಳಿಯನ್ನು ನೋಡಿ ಹೆದರುತ್ತಾನೆ, ಮುಳುಗಲು ಶುರು ಮಾಡುತ್ತಾನೆ, ಸ್ವಾಮೀ ಕಾಪಾಡು ಅಂತ ಕೂಗುತ್ತಾನೆ. ಯೇಸು ತಕ್ಷಣ ಕೈಚಾಚಿ ಅವನನ್ನು ಹಿಡಿದುಕೊಂಡರು. ‘ಅಲ್ಪವಿಶ್ವಾಸಿಯೇ, ಯಾಕೆ ಸಂಶಯಪಟ್ಟೆ’ ಎಂಬ ಮಾತು ಬಂದದ್ದು ಹಿಡಿದ ಮೇಲೆ. ಮೊದಲು ನಂಬಿಕೆ ಸರಿ ಮಾಡಿಕೋ, ಆಮೇಲೆ ಎತ್ತುತ್ತೇನೆ ಅನ್ನಲಿಲ್ಲ. ಅಲ್ಪವಿಶ್ವಾಸ ಇದ್ದವನನ್ನೇ ಎತ್ತಿದರು. ಸಭೆಯಲ್ಲಿ ನಾವು ಈ ಕ್ರಮವನ್ನು ಉಲ್ಟಾ ಮಾಡುತ್ತೇವೆ. ಮುಳುಗುತ್ತಿರುವವರಿಗೆ ಮೊದಲು ಬೋಧನೆ ಕೊಡುತ್ತೇವೆ, ಕೈ ಕೊಡುವುದು ಮರೆತೇಬಿಡುತ್ತೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಇನ್ನೊಂದು. ಚಿಂತೆ ಮಾಡಬೇಡಿ ಎಂಬ ಮಾತು ಬರುವ ಆ ಬೆಟ್ಟದ ಪ್ರಸಂಗ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಬಡವರು. ಅಂದಿನ ಕೂಲಿ ಅಂದಿನ ಊಟಕ್ಕೆ ಅನ್ನುವ ಜನ. ಅವರಿಗೆ ಯೇಸು ನಾಳೆ ಕಷ್ಟವೇ ಇರುವುದಿಲ್ಲ ಎಂದು ಹೇಳಲಿಲ್ಲ. ಆ ದಿನದ ಕಷ್ಟ ಆ ದಿನಕ್ಕೆ ಸಾಕು ಎಂದರು. ಕಷ್ಟ ಇದೆ ಅಂತ ಒಪ್ಪಿಕೊಂಡೇ ಹೇಳಿದ ಮಾತದು. ಸದಾ ಹರಿಯುವ ನದಿ ಇಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ, ಸಾವಿರ ಅಡಿ ದಾಟಿ ಬೋರ್ ಕೊರೆಸಿ, ಸಾಲದ ದುಡ್ಡಲ್ಲಿ ಟೊಮೆಟೊ ನಾಟಿ ಮಾಡಿದವರಿಗೆ ನಾಳೆಯ ಭಯ ಇರುವುದು ಮನಸ್ಸಿನ ಭ್ರಮೆ ಅಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ಇದೇ ಜಿಲ್ಲೆ ನೋಡಿದೆ. ಇಷ್ಟು ಏರಿಳಿತದಲ್ಲಿ ಬದುಕುವ ರೈತ ಮಹಿಳೆಗೆ ಎದೆ ಹೊಡೆದುಕೊಂಡರೆ ಅದನ್ನು ಪಾಪದ ಪಟ್ಟಿಗೆ ಸೇರಿಸುವುದು ಅನ್ಯಾಯ.

ಯೇಸು ಗದರಿಸಿದ ಚಿಂತೆಯೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ‘ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ’ ಎಂದ ಮರು ವಚನದಲ್ಲೇ ಚಿಂತೆಯ ಮಾತು ಬರುತ್ತದೆ. ಎಷ್ಟಿದ್ದರೂ ಸಾಲದು, ಪಕ್ಕದ ಮನೆಯವರಿಗಿಂತ ಒಂದು ಕೈ ಮೇಲಿರಬೇಕು ಅನ್ನುವ ಚಿಂತೆ ಅದು. ಮಗಳ ಫೀಸು ಹೇಗೆ ಕಟ್ಟಲಿ ಅನ್ನುವುದು ಬೇರೆ. ಅದು ತಾಯಿಯ ಕಾಳಜಿ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 6ನೇ ವಚನವನ್ನೂ ನಿಮಗೆ ಹೇಳಿರುತ್ತಾರೆ. ಯಾವುದಕ್ಕೂ ಚಿಂತೆ ಮಾಡದೆ ಎಲ್ಲವನ್ನೂ ದೇವರಿಗೆ ತಿಳಿಸಿ ಎನ್ನುವ ವಚನ. ಅದನ್ನು ಬರೆದ ಪೌಲ ಆಗ ಸೆರೆಯಲ್ಲಿದ್ದ. ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ, ಸಾಯುವಷ್ಟು ಕಾಯಿಲೆ ಬಿದ್ದಿದ್ದ ಎಪಫ್ರೊದೀತನನ್ನು ವಾಪಸ್ ಕಳಿಸಿದರೆ ತನ್ನ ದುಃಖವೂ ಕಡಿಮೆಯಾಗುತ್ತದೆ ಎಂದು ಬರೆಯುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನದಿನವೂ ತನ್ನ ಮೇಲಿದೆ ಎನ್ನುತ್ತಾನೆ. ಬದುಕುವ ಆಸೆಯೇ ಹೋಗುವಷ್ಟು ಭಾರ ಬಿದ್ದಿತ್ತು ಎಂದೂ ಹೇಳುತ್ತಾನೆ. ಪೌಲನಿಗೆ ಚಿಂತೆ ಬರಲೇ ಇಲ್ಲ ಅಂತ ಬೈಬಲ್ ಹೇಳುವುದಿಲ್ಲ. ಬಂದ ಚಿಂತೆಯನ್ನು ಅವನು ಎಲ್ಲಿಗೆ ತಗೊಂಡು ಹೋದ ಅನ್ನುವುದನ್ನು ಹೇಳುತ್ತದೆ.

ಎಲೀಯನ ಕಥೆಯನ್ನು ಈ ವಾರ ನಿಧಾನವಾಗಿ ಓದಿ. 1 ಅರಸುಗಳು, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ, ಈಜೆಬೆಲಳ ಒಂದು ಬೆದರಿಕೆಗೆ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ಜೊತೆಗಿದ್ದ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಅಡವಿಗೆ ಹೋಗುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಏನು ಮಾಡಿದರು? ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಅವನನ್ನು ನಿದ್ದೆ ಮಾಡಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು, ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು, ಇನ್ನೂ ತಿನ್ನು ಅಂದ. ಅದಾದ ಮೇಲೆ ನಲವತ್ತು ದಿನದ ನಡಿಗೆ, ಹೋರೇಬ್ ಬೆಟ್ಟ, ಅಲ್ಲಿ ಮಾತುಕತೆ. ‘ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಬಂದದ್ದು ನಿದ್ದೆ, ಊಟ, ನೀರು ಎಲ್ಲಾ ಆದ ಮೇಲೆ. ಆಮೇಲೆ ನೀನೊಬ್ಬನೇ ಉಳಿದಿಲ್ಲ, ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದರು. ಜೊತೆಗಾರನಾಗಿ ಎಲೀಷನನ್ನೂ ಕೊಟ್ಟರು.

ಅದಕ್ಕೇ ಹೇಳುತ್ತೇನೆ, ಈಗ ಉಪವಾಸ ಬೇಡ. ನಿದ್ದೆ ಇಲ್ಲದ ದೇಹಕ್ಕೆ ಹಸಿವು ಸೇರಿದರೆ ಎದೆಬಡಿತ ಇನ್ನೂ ಜಾಸ್ತಿ ಆಗುತ್ತದೆ. ರಾತ್ರಿಯಿಡೀ ಜಾಗರಣೆಯ ಪ್ರಾರ್ಥನೆಗೂ ಸದ್ಯಕ್ಕೆ ಹೋಗಬೇಡಿ. ನಿಮಗಾಗಿ ಬೇರೆಯವರು ಎಚ್ಚರವಾಗಿದ್ದು ಪ್ರಾರ್ಥಿಸಲಿ, ನೀವು ಮಲಗಿ. ಮಧ್ಯಾಹ್ನದ ಮೇಲೆ ಟೀ ಕಾಫಿ ಬಿಡಿ. ರಾತ್ರಿ ಒಂದು ಮುದ್ದೆ ಸಾರು ಹೊಟ್ಟೆ ತುಂಬ ತಿಂದು ಮಲಗುವುದೂ ಈಗ ನಿಮಗೆ ಭಕ್ತಿಯೇ.

ಮಾತ್ರೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸುವಾರ್ತೆ ಬರೆದ ಲೂಕ ವೈದ್ಯ. ಪೌಲ ಅವನನ್ನು ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ತಿಮೊಥೆಯನಿಗೆ ಹೊಟ್ಟೆ ಸರಿ ಇಲ್ಲದಿದ್ದಾಗ ಬರೀ ಪ್ರಾರ್ಥಿಸು ಅನ್ನದೆ, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದವನೂ ಪೌಲನೇ. ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಹಿರಿಯರು ಚರ್ಚಿಗೂ ಆಸ್ಪತ್ರೆಗೂ ಜಗಳ ಇದೆ ಅಂದುಕೊಂಡಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಅಕ್ಕಂದಿರು ಆತಂಕಕ್ಕೆ ಮಾತ್ರೆ ಬೇಡ ಅನ್ನುವುದು ಯಾವ ಲೆಕ್ಕ, ಅಲ್ವಾ?

ಆದರೆ ಕೆಲವು ವಿಷಯ ತಿಳಿದಿರಲಿ. ಆತಂಕಕ್ಕೆ ದಿನವೂ ತಗೊಳ್ಳಲು ಕೊಡುವ ಮಾತ್ರೆಗಳು ಸಾಮಾನ್ಯವಾಗಿ ಮರುದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ಆರು ವಾರ ಹಿಡಿಯಬಹುದು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ಸ್ವಲ್ಪ ಜಾಸ್ತಿಯೂ ಅನ್ನಿಸಬಹುದು. ಅದಕ್ಕೆ ಹೆದರಿ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ಬಿಡುವುದೂ ತಪ್ಪು, ನಿಧಾನವಾಗಿ ಇಳಿಸಬೇಕು. ಚೀಟಿ ಇಲ್ಲದೆ ಮೆಡಿಕಲ್ ಸ್ಟೋರ್‌ನಲ್ಲಿ ನಿದ್ದೆ ಮಾತ್ರೆ ಕೇಳಿ ತರುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಅವು ಚಟವಾಗುತ್ತವೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತುಂಬಾ ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತಾಡಬೇಕಾದರೆ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪ್ರಾರ್ಥನೆ. ಎಚ್ಚರವಾದಾಗ ಉದ್ದ ಪ್ರಾರ್ಥನೆ ಮಾಡಲು ಹೋಗಬೇಡಿ, ಆ ಹೊತ್ತಿನಲ್ಲಿ ಮಾತು ಕೂಡಿಬರುವುದಿಲ್ಲ. ಎದ್ದು ಕೂತು, ಪಾದ ನೆಲಕ್ಕೆ ತಾಗಲಿ. 23ನೇ ಕೀರ್ತನೆ ನಿಮಗೆ ಬಾಯಿಪಾಠ ಇರುತ್ತದೆ. ಮೂಗಿನಿಂದ ಉಸಿರು ಒಳಗೆ ಎಳೆಯುವಾಗ ಮನಸ್ಸಿನಲ್ಲಿ ‘ಯೆಹೋವನು ನನಗೆ ಕುರುಬನು’, ನಿಧಾನವಾಗಿ ಬಿಡುವಾಗ ‘ಕೊರತೆಪಡೆನು’. ಬಿಡುವ ಉಸಿರು ಎಳೆದದ್ದಕ್ಕಿಂತ ಉದ್ದ ಇರಲಿ. ಉಸಿರು ಉದ್ದವಾಗಿ ಬಿಟ್ಟಾಗ ಎದೆಬಡಿತ ಇಳಿಯುವುದು ದೇಹದ ಗುಣ. ಆ ದೇಹವನ್ನು ಮಾಡಿದವರೂ ದೇವರೇ. ಐದು ನಿಮಿಷವೋ ಹತ್ತು ನಿಮಿಷವೋ ಹೀಗೆ ಕೂರಿ. ಮೊಬೈಲ್ ಮುಟ್ಟಬೇಡಿ.

ಹಗಲಿನಲ್ಲಿ ಬೇರೆ ರೀತಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ನೋಟ್‌ಬುಕ್ ಹಿಡಿದು ಕೂತು ಚಿಂತೆಗಳನ್ನೆಲ್ಲ ಬರೆಯಿರಿ. ಸುಮ್ನೆ ‘ಸಾಲ’ ಅಂತ ಬರೆದರೆ ಆಗುವುದಿಲ್ಲ. ಯಾರಿಗೆ ಎಷ್ಟು, ಯಾವ ದಿನ ಕಂತು, ಎಷ್ಟು ಕೈಯಲ್ಲಿದೆ, ಎಲ್ಲಾ ಬರೆಯಿರಿ. ದೇವರಿಗೆ ತಿಳಿಸಿ ಎಂದು ಪೌಲ ಬರೆದದ್ದನ್ನು ನಾನು ಹೀಗೇ ಓದುತ್ತೇನೆ. ‘ಸ್ವಾಮೀ ಎಲ್ಲಾ ನೋಡಿಕೋ’ ಅಂದರೆ ಭಾರ ಇಳಿಯುವುದಿಲ್ಲ. ‘ಗುರುವಾರದ ಕಂತಿಗೆ ಎಂಟುನೂರು ಕಡಿಮೆ ಇದೆ ಸ್ವಾಮೀ’ ಅಂದಾಗ ನಿಜವಾದ ಭಾರ ಅವರ ಮುಂದೆ ಇಟ್ಟಂತೆ. ಆಮೇಲೆ ಆ ಪಟ್ಟಿಯಲ್ಲಿ ನಿಮ್ಮ ಕೈಯಲ್ಲಿ ಏನಿದೆ ಅದಕ್ಕೆ ಗುರುತು ಹಾಕಿ, ನಾಳೆ ಅದರಲ್ಲಿ ಒಂದು ಕೆಲಸ ಮಾಡಿ. ಟೊಮೆಟೊ ರೇಟು ನಿಮ್ಮ ಕೈಯಲ್ಲಿಲ್ಲ, ಮಳೆ ಇಲ್ಲ. ಅವುಗಳ ಹೆಸರು ಹೇಳಿ ಪ್ರಾರ್ಥಿಸಿ ಪುಸ್ತಕ ಮುಚ್ಚಿ. ರಾತ್ರಿ ಮೂರಕ್ಕೆ ಅದೇ ಚಿಂತೆ ಮತ್ತೆ ಬಂದರೆ, ಇದು ಪುಸ್ತಕದಲ್ಲಿದೆ, ಸಂಜೆ ನೋಡೋಣ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಆಪ್ತಸಲಹೆಯಲ್ಲಿ ಇದನ್ನು ಚಿಂತೆಗೆ ಹೊತ್ತು ಗೊತ್ತುಮಾಡುವುದು ಎನ್ನುತ್ತೇವೆ. ಮೊದಲ ವಾರ ಕಷ್ಟ, ಆಮೇಲೆ ಮನಸ್ಸು ಒಗ್ಗುತ್ತದೆ.

ಸಾಲದ ಬಗ್ಗೆ ಒಂದು ಮಾತು, ಯಾಕೆಂದರೆ ಫೈನಾನ್ಸ್‌ನವರ ಗಾಡಿ ಸದ್ದು ಕೇಳಿದರೇ ಬೆವರುವ ತಾಯಂದಿರನ್ನು ನೋಡಿದ್ದೇನೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಪೀಡಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ಸಭೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಸಾಲ ತೀರಿಸುವುದು ನಮ್ಮ ಧರ್ಮ. ಹೆದರಿ ಬದುಕುವುದು ಧರ್ಮ ಅಲ್ಲ.

ಒಂದೇ ವಿಷಯಕ್ಕೆ ಮತ್ತೆ ಮತ್ತೆ ಪ್ರಾರ್ಥಿಸಿದರೆ ಅಪನಂಬಿಕೆ ಎಂದು ಕೆಲವರು ಬೋಧಿಸುತ್ತಾರೆ. ತಮ್ಮನ್ನು ಹಿಡಿದುಕೊಂಡು ಹೋದ ರಾತ್ರಿ, ಅದಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೂರು ಸಲ ಅದೇ ಮಾತು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆದಿದ್ದಾನೆ. ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಶಿಷ್ಯರ ಮುಂದೆ ಬಾಯಿಬಿಟ್ಟು ಹೇಳಿದರು. ಪೇತ್ರ, ಯಾಕೋಬ, ಯೋಹಾನ ಮೂವರನ್ನೂ, ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡರು. ದೇವಕುಮಾರನಿಗೇ ಆ ರಾತ್ರಿ ಜೊತೆಗೆ ಜನ ಬೇಕಿತ್ತು. ನಿಮಗೆ ಬೇಕು ಅನ್ನಿಸುವುದರಲ್ಲಿ ಏನು ತಪ್ಪು? ಆ ಮೂವರು ನಿದ್ದೆ ಹೋದರು ಅನ್ನುವುದೂ ನಿಜ. ಸಭೆಯವರು ಕೆಲವು ಸಲ ಹಾಗೇ ಮಾಡುತ್ತೇವೆ.

ಆ ಅಕ್ಕನ ಮೇಲೆ ಕೋಪ ಇಟ್ಟುಕೊಳ್ಳಬೇಡಿ, ಅವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಮುಂದಿನ ಸಲ ಅವರಿಗೆ ಒಂದು ಕೆಲಸ ಕೊಡಿ. ‘ಅಕ್ಕಾ, ಮಂಗಳವಾರ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ಬಸ್ಸಲ್ಲಿ ಒಬ್ಬಳೇ ಹೋಗಕ್ಕೆ ಭಯ ಆಗುತ್ತೆ’ ಅನ್ನಿ. ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎಂದು ಗಲಾತ್ಯದವರಿಗೆ ಬರೆದಿದೆಯಲ್ಲ. ಅವರು ಬಂದರೆ ಅವರ ಮನಸ್ಸೂ ಬದಲಾಗಬಹುದು. ನಿಮ್ಮ ಪಾಸ್ಟರ್ ಅಯ್ಯನವರಿಗೂ ವಿಷಯ ತಿಳಿಸಿ, ಮನೆಗೆ ಬಂದು ಪ್ರಾರ್ಥಿಸಲು ಕರೆಯಿರಿ. ಯಾರಾದರೂ ಇದು ದೆವ್ವದ ಕಾಟ, ಬಿಡುಗಡೆ ಮಾಡಿಸಬೇಕು ಎಂದು ನಿಮ್ಮನ್ನು ಹಿಡಿದು ಕೂರಿಸಿದರೆ ಅಲ್ಲಿಂದ ಎದ್ದು ಬನ್ನಿ.

ನೀವು ಬರೆದಿಲ್ಲ, ಆದರೂ ಕೇಳಲೇಬೇಕು. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತದಾ? ಬಂದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಈ ದಿನವೇ ಮನೆಯವರಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ, ತುರ್ತು ಅನ್ನಿಸಿದರೆ 112. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಯಜಮಾನರಿಗೆ ಹೇಳಿ ಅದನ್ನು ಬೇರೆ ಕಡೆ ಬೀಗ ಹಾಕಿಡಲಿ. ಈ ಮಾತನ್ನು ನಾನು ಎಲ್ಲಾ ರೈತ ಕುಟುಂಬಗಳಿಗೂ ಹೇಳುತ್ತೇನೆ. ಸಾಯಬೇಕು ಎಂದ ಎಲೀಯನನ್ನೂ ದೇವರು ಕೈಬಿಡಲಿಲ್ಲ, ನಿಮ್ಮನ್ನೂ ಬಿಡುವುದಿಲ್ಲ.

ಕಣ್ಣೀರು ಬಂದರೆ ಅಳಿ. 13ನೇ ಕೀರ್ತನೆ ಓದಿ, ಆರೇ ವಚನ. ‘ಎಷ್ಟರವರೆಗೆ’ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ, ಕೊನೆಗೆ ನಂಬಿಕೆಗೆ ಬರುತ್ತದೆ. ಆದರೆ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಬೈಬಲಿನಲ್ಲಿದೆ, ಅದೂ ಪ್ರಾರ್ಥನೆಯೇ. ನಿಮಗೆ ಒಂದು ದಿನ 13, ಇನ್ನೊಂದು ದಿನ 88 ಆಗಬಹುದು. ಎರಡೂ ದಿನ ನೀವು ದೇವರ ಮಗಳೇ.

ಕೊನೆಗೆ ನಿಮ್ಮ ಮಗಳ ವಿಷಯ. ಅವಳಿಗೆ ಹೇಳಿ. ಓದು ಕೆಡುತ್ತದೆ ಅಂತ ಮುಚ್ಚಿಟ್ಟಿದ್ದೀರಿ, ಅರ್ಥವಾಗುತ್ತದೆ. ಆದರೆ ಫೋನಿನಲ್ಲಿ ನಿಮ್ಮ ದನಿ ಕೇಳಿಯೇ ಅವಳಿಗೆ ಏನೋ ಇದೆ ಅಂತ ಗೊತ್ತಾಗಿರುತ್ತದೆ. ಗೊತ್ತಿಲ್ಲದ ಭಯ ಅವಳ ಓದನ್ನು ಇನ್ನೂ ಜಾಸ್ತಿ ಕೆಡಿಸುತ್ತದೆ. ನರ್ಸಿಂಗ್ ಓದುವವರಿಗೆ ಮಾನಸಿಕ ಆರೋಗ್ಯ ಒಂದು ಪಾಠವೇ ಇರುತ್ತದೆ. ನೀವು ತಗೊಳ್ಳುವ ಮಾತ್ರೆಯ ಹೆಸರು ಹೇಳಿದರೆ, ಅದನ್ನು ಊಟಕ್ಕೆ ಮುಂಚೆ ತಗೊಳ್ಳಬೇಕೋ ಆಮೇಲೆ ತಗೊಳ್ಳಬೇಕೋ ಅಂತ ಅವಳೇ ವಿಚಾರಿಸಿ ನಿಮಗೆ ಹೇಳುತ್ತಾಳೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡಿ.